ದರ ಏರಿತೆಂದು ಗಾಬರಿಯಾಗಬೇಡಿ, ರೀಚಾರ್ಜ್ ಮಾಡಿಸಿದ ತಾರೀಖು ಹಿಡಿದು ಕೇಳಿ

ಕಲಬುರಗಿಯ ನೆಹರು ಗಂಜಿನ ಹತ್ತಿರ ನನ್ನದೊಂದು ಸಣ್ಣ ಅಂಗಡಿ ಇದೆ. ರೀಚಾರ್ಜ್, ಜೆರಾಕ್ಸ್, ಪಹಣಿ ಪ್ರಿಂಟ್, ಇಷ್ಟೇ ಕೆಲಸ. ತೊಗರಿ ಸೀಜನ್ ಬಂತೆಂದರೆ ಬೆಳಿಗ್ಗೆಯಿಂದ ರಾತ್ರಿವರೆಗೆ ಜನ. ಆಳಂದ, ಜೇವರ್ಗಿ, ಅಫಜಲಪುರ ಕಡೆಯಿಂದ ಮಾಲು ತಂದ ರೈತರು, ಅಡತಿ ಅಂಗಡಿಯ ಗುಮಾಸ್ತರು, ಚೀಲ ಹೊರುವ ಹಮಾಲರು ಎಲ್ಲರೂ ಬರುತ್ತಾರೆ.

ಒಂದು ದಿನ ಮಧ್ಯಾಹ್ನ ನಮ್ಮ ಹಮಾಲಿ ಕಾಕಾ ಒಬ್ಬರು ಬಂದರು. ಹೆಗಲ ಮೇಲೆ ತೊಗರಿ ಧೂಳು ಹಾಗೇ ಇತ್ತು. ಹಿಂದಿನ ಮುಚ್ಚಳ ಬೀಳದಂತೆ ರಬ್ಬರ್ ಬ್ಯಾಂಡ್ ಸುತ್ತಿದ ಕೀಪ್ಯಾಡ್ ಫೋನ್. ಒಳ ಜೇಬಿನಿಂದ ಮಡಚಿದ ನೂರರ ನೋಟು ತೆಗೆದು ಕೌಂಟರ್ ಮೇಲಿಟ್ಟರು. ಜೊತೆಗೆ ಬೀಡಿ ಕಟ್ಟಿನ ಕಾಗದದ ಮೇಲೆ ಯಾರಿಂದಲೋ ಬರೆಸಿಕೊಂಡು ಬಂದ ಒಂದು ನಂಬರ್.

"ತಂಗಿ, ಈ ನಂಬರಿಗಿ ನೂರು ರೂಪಾಯಿ ಹಾಕು. ಫೋನ್ ಬಂದಿತ್ತು. ರೇಟ್ ಜಾಸ್ತಿ ಆಗ್ಯಾದಂತ. ಫರಕ್ ತುಂಬಲಿಲ್ಲಂದ್ರ ಇವತ್ತ ಸಂಜಿಗಿ ಸಿಮ್ ಬಂದ್ ಮಾಡ್ತಾರಂತ."

ನಾನು ನನ್ನ ಉದ್ದನೆಯ ನೋಟ್‌ಬುಕ್ ತೆಗೆದೆ. ಯಾರು ಬಂದು ಯಾವ ಪ್ಯಾಕ್ ಹಾಕಿಸಿದರು, ಯಾವ ತಾರೀಖು, ಎಷ್ಟು ದಿನದ್ದು ಅಂತ ಅದರಲ್ಲಿ ಬರೆದಿಡುತ್ತೇನೆ. ಕಾಕಾ 84 ದಿನದ ಪ್ಯಾಕ್ ಹಾಕಿಸಿ 57 ದಿನ ಆಗಿತ್ತು. ಇನ್ನೂ 27 ದಿನ ಬಾಕಿ. "ಕಾಕಾ, ನೂರು ರೂಪಾಯಿ ಒಳಗ ಇಟ್ಕೊಳ್ರಿ. ನಿಮ್ ಸಿಮ್ ಯಾರೂ ಬಂದ್ ಮಾಡಂಗಿಲ್ಲ" ಅಂದೆ. ಅವರಿಗೆ ನಂಬಿಕೆ ಬರಲಿಲ್ಲ. ಮತ್ತೆ ಮತ್ತೆ ಕೇಳಿದರು. ಆ ದಿನದಿಂದ ನನಗೆ ಇದನ್ನೆಲ್ಲ ಒಂದು ಕಡೆ ಬರೆದಿಡಬೇಕು ಅನಿಸಿತ್ತು.

ಮೊದಲು ಒಂದು ವಿಷಯ ಒಪ್ಪಿಕೊಳ್ಳೋಣ. ದರ ಏರಿಸುವುದು ತಪ್ಪೇ ಅಂತ ಕೇಳಿದರೆ, ಕಾನೂನಿನ ಪ್ರಕಾರ ತಪ್ಪಲ್ಲ. ಮೊಬೈಲ್ ದರ ಇಷ್ಟೇ ಇರಬೇಕು ಅಂತ ಟ್ರಾಯ್, ಅಂದರೆ ಫೋನ್ ಕಂಪನಿಗಳ ಮೇಲೆ ಕಣ್ಣಿಡುವ ಕೇಂದ್ರದ ನಿಯಂತ್ರಣ ಸಂಸ್ಥೆ, ಹೇಳುವುದಿಲ್ಲ. ಕಂಪನಿಗಳೇ ದರ ಇಡುತ್ತವೆ, ಏಳು ಕೆಲಸದ ದಿನಗಳ ಒಳಗೆ ಟ್ರಾಯ್‌ಗೆ ವರದಿ ಕೊಡುತ್ತವೆ. 2019ರ ಡಿಸೆಂಬರ್‌ನಲ್ಲಿ ಹೀಗೇ ಏರಿತು. 2021ರ ಕೊನೆಯಲ್ಲಿ ಏರಿತು. 2024ರ ಜುಲೈ 3ರಂದು ಜಿಯೋ ಮತ್ತು ಏರ್‌ಟೆಲ್, ಮರುದಿನ ವಿ (ವೊಡಾಫೋನ್ ಐಡಿಯಾ) ಏರಿಸಿದವು. ಜಿಯೋದ 28 ದಿನದ 239 ರೂಪಾಯಿ ಪ್ಯಾಕ್ 299 ಆಯಿತು. ಏರ್‌ಟೆಲ್‌ನ 179 ರೂಪಾಯಿ ಪ್ಯಾಕ್ 199 ಆಯಿತು. ಅರವತ್ತು ರೂಪಾಯಿ ನನಗೆ ನಿಮಗೆ ಸಣ್ಣದು ಅನಿಸಬಹುದು. ಮನೆಯಲ್ಲಿ ನಾಲ್ಕು ಸಿಮ್ ಇದ್ದರೆ ಅದು ತಿಂಗಳಿಗೆ 240 ರೂಪಾಯಿ. ಚೀಲ ಲೆಕ್ಕದಲ್ಲಿ ಕೂಲಿ ಪಡೆಯುವ ಮನುಷ್ಯನಿಗೆ ಅದು ದೊಡ್ಡದೇ.

ಆದರೆ ಏರಿಸಿದ ದರವನ್ನು ಯಾರ ಮೇಲೆ, ಯಾವಾಗಿನಿಂದ ಹಾಕಬಹುದು ಅನ್ನುವುದಕ್ಕೆ ಬೇಲಿ ಇದೆ. ಎರಡು ಬೇಲಿ. ಇವೆರಡು ನೆನಪಿದ್ದರೆ ಅರ್ಧ ಕೆಲಸ ಮುಗಿದಂತೆ.

ಒಂದು, ನೀವು ಮುಂಗಡವಾಗಿ ದುಡ್ಡು ಕೊಟ್ಟ ಅವಧಿ. 28 ದಿನಕ್ಕೆ ಕೊಟ್ಟಿರಿ, 84 ದಿನಕ್ಕೆ ಕೊಟ್ಟಿರಿ, 365 ದಿನಕ್ಕೆ ಕೊಟ್ಟಿರಿ, ಆ ವ್ಯಾಲಿಡಿಟಿ ಮುಗಿಯುವವರೆಗೆ ಆ ಪ್ಯಾಕಿಗೆ ಯಾರೂ ಕೈ ಹಚ್ಚುವಂತಿಲ್ಲ. ನಡುವೆ ಫರಕ್ ಕೇಳುವಂತಿಲ್ಲ. ದಿನ ಕಡಿಮೆ ಮಾಡುವಂತಿಲ್ಲ. ಡೇಟಾ ಕಡಿಮೆ ಮಾಡುವಂತಿಲ್ಲ. ಹೊಸ ದರ ಶುರುವಾಗುವುದು ನಿಮ್ಮ ಮುಂದಿನ ರೀಚಾರ್ಜ್‌ನಿಂದ.

ಎರಡು, ಆರು ತಿಂಗಳ ನಿಯಮ. ನೀವು ಒಂದು ಟ್ಯಾರಿಫ್ ಪ್ಲಾನ್‌ಗೆ ಸೇರಿದ ದಿನದಿಂದ ಕನಿಷ್ಠ ಆರು ತಿಂಗಳು ಆ ಪ್ಲಾನ್ ನಿಮಗೆ ಸಿಗಬೇಕು, ಆ ಆರು ತಿಂಗಳಲ್ಲಿ ನಿಮಗೆ ನಷ್ಟ ಆಗುವಂತೆ ದರ ಬದಲಿಸಬಾರದು. ಟ್ರಾಯ್‌ನ ಟ್ಯಾರಿಫ್ ಆದೇಶದಲ್ಲಿ 2006ರಿಂದಲೇ ಇದು ಇದೆ. ದರ ಇಳಿಸಬೇಕೆಂದರೆ ಕಂಪನಿ ಯಾವಾಗ ಬೇಕಾದರೂ ಇಳಿಸಬಹುದು. ನೀವು ಬೇರೆ ಪ್ಲಾನ್‌ಗೆ ಹೋಗಬೇಕೆಂದರೆ ಯಾವಾಗ ಬೇಕಾದರೂ ಹೋಗಬಹುದು. ಕಟ್ಟು ಇರುವುದು ಏರಿಸುವುದಕ್ಕೆ ಮಾತ್ರ.

ಈ ಎರಡನೆಯ ನಿಯಮ ಜಾಸ್ತಿ ಉಪಯೋಗಕ್ಕೆ ಬರುವುದು ಪೋಸ್ಟ್‌ಪೇಯ್ಡ್‌ನವರಿಗೆ. ಪ್ರೀಪೇಯ್ಡ್‌ನಲ್ಲಿ 28 ದಿನದ ಪ್ಯಾಕ್ ಹಾಕಿಸುವವರು "ಆರು ತಿಂಗಳು ಅದೇ ರೇಟಿಗೆ ಕೊಡ್ರಿ" ಅಂತ ಕೇಳಿದರೆ ಅದು ನಡೆಯುವುದಿಲ್ಲ. ಪ್ರತಿ ರೀಚಾರ್ಜ್ ಹೊಸ ಖರೀದಿ. ಇದನ್ನು ನೇರವಾಗಿ ಹೇಳುತ್ತಿದ್ದೇನೆ, ಯಾಕೆಂದರೆ ಎಷ್ಟೋ ಜನ ವಾಟ್ಸಾಪ್‌ನಲ್ಲಿ ಬಂದ ಅರ್ಧ ಮಾತು ಹಿಡಿದು ಬಂದು ಜಗಳಕ್ಕೆ ನಿಲ್ಲುತ್ತಾರೆ. ಹಕ್ಕು ಇಲ್ಲದ ಕಡೆ ಜಗಳ ಮಾಡಿ ಸುಸ್ತಾದರೆ, ಹಕ್ಕು ಇರುವ ಕಡೆ ಕೇಳಲು ಮನಸ್ಸೇ ಉಳಿಯುವುದಿಲ್ಲ.

ಬೇರೆ ದೇಶದಲ್ಲಿ ಹೇಗೆ ಅಂತ ನನಗೂ ಗೊತ್ತಿರಲಿಲ್ಲ. ನನ್ನ ತಮ್ಮನ ಮಗಳು ಇಂಗ್ಲೆಂಡಿಗೆ ಓದಲು ಹೋದಳು. ಅಲ್ಲಿ ಫೋನ್ ತಗೊಳ್ಳುವಾಗ 24 ತಿಂಗಳ ಕಾಂಟ್ರಾಕ್ಟ್‌ಗೆ ಸಹಿ ಹಾಕಿಸಿಕೊಳ್ಳುತ್ತಾರೆ. ನಡುವೆ ಬಿಡಬೇಕೆಂದರೆ ದಂಡ. ಇಷ್ಟಾದರೂ ವರ್ಷಕ್ಕೊಮ್ಮೆ ಹಣದುಬ್ಬರದ ಲೆಕ್ಕ ಹೇಳಿ ಬಿಲ್ ಏರಿಸುತ್ತಿದ್ದರು. ಎಷ್ಟು ಏರುತ್ತದೆ ಅಂತ ಸಹಿ ಹಾಕುವಾಗ ಯಾರಿಗೂ ಗೊತ್ತಿರುತ್ತಿರಲಿಲ್ಲ. ನಮ್ಮ ಟ್ರಾಯ್‌ನಂಥ ಅಲ್ಲಿನ ಆಫ್‌ಕಾಮ್ ಎಂಬ ಸಂಸ್ಥೆ 2025ರ ಜನವರಿ 17ರಿಂದ ಅದನ್ನು ನಿಲ್ಲಿಸಿತು. ಆ ದಿನದಿಂದ ಮಾಡಿಕೊಂಡ ಕಾಂಟ್ರಾಕ್ಟ್‌ಗಳಲ್ಲಿ ನಡುವೆ ಏರಿಸುವುದಿದ್ದರೆ ಯಾವಾಗ, ಎಷ್ಟು ಪೌಂಡ್ ಎಷ್ಟು ಪೆನ್ಸ್ ಅಂತ ಮೊದಲೇ ಬರೆದು ತೋರಿಸಬೇಕು. ನಮ್ಮಲ್ಲಿ ಬಹಳ ಜನಕ್ಕೆ ಅಂಥ ಎರಡು ವರ್ಷದ ಕಟ್ಟು ಇಲ್ಲ. ಬಿಟ್ಟು ಹೋಗುವುದು ನಮಗೆ ಸುಲಭ. ಇದು ನಮ್ಮ ಕೈಯಲ್ಲಿರುವ ದೊಡ್ಡ ಬಲ ಅಂತ ನಾನು ನಂಬುತ್ತೇನೆ. ಅದನ್ನು ಬಳಸುವುದು ಹೇಗೆ ಅಂತ ಮುಂದೆ ಹೇಳುತ್ತೇನೆ.

ಈಗ ಪ್ರೀಪೇಯ್ಡ್‌ನವರು ಮಾಡಬೇಕಾದ ಕೆಲಸ.

ರೀಚಾರ್ಜ್ ಆದ ಕೂಡಲೇ ಕಂಪನಿಯಿಂದ ಒಂದು ಎಸ್‌ಎಂಎಸ್ ಬರುತ್ತದೆ. ಎಷ್ಟು ಹಣ, ಏನೇನು ಸಿಗುತ್ತದೆ, ಎಂದಿನವರೆಗೆ ಅಂತ ಅದರಲ್ಲಿ ಇರುತ್ತದೆ. ಆ ಮೆಸೇಜ್ ಕಳಿಸುವುದು ಅವರ ಕರ್ತವ್ಯ. ಅದನ್ನು ಅಳಿಸಬೇಡಿ. ಕಾಕಾ ಅವರ ಫೋನಿನಲ್ಲಿ ಇನ್‌ಬಾಕ್ಸ್ ತುಂಬಿ ಹೊಸ ಮೆಸೇಜ್ ಬರುವುದೇ ನಿಂತಿತ್ತು. ಲಾಟರಿ, ಲೋನ್ ಮೆಸೇಜುಗಳನ್ನು ಒಂದೊಂದಾಗಿ ಅಳಿಸಿ ಜಾಗ ಮಾಡಿದೆ. ಕೀಪ್ಯಾಡ್ ಫೋನ್ ಇಟ್ಟುಕೊಂಡ ಹಿರಿಯರು ಮನೆಯಲ್ಲಿದ್ದರೆ ತಿಂಗಳಿಗೊಮ್ಮೆ ಈ ಕೆಲಸ ಮಾಡಿಕೊಡಿ. ಸ್ಮಾರ್ಟ್‌ಫೋನ್ ಇದ್ದರೆ ಸ್ಕ್ರೀನ್‌ಶಾಟ್ ತೆಗೆದಿಡಿ. ಏನೂ ಆಗದಿದ್ದರೆ ಗೋಡೆಯ ಕ್ಯಾಲೆಂಡರಿನಲ್ಲಿ ರೀಚಾರ್ಜ್ ಮಾಡಿಸಿದ ದಿನಕ್ಕೆ ಒಂದು ಗುಂಡು ಹಾಕಿ, ಪಕ್ಕದಲ್ಲಿ ರೂಪಾಯಿ ಬರೆಯಿರಿ. ಅಷ್ಟು ಸಾಕು.

ಮೆಸೇಜ್ ಹೋಗಿಬಿಟ್ಟಿದ್ದರೆ? ಪ್ರೀಪೇಯ್ಡ್‌ನವರು ಕೂಡ ತಮ್ಮ ಖರ್ಚಿನ ವಿವರವಾದ ಪಟ್ಟಿ ಕೇಳಬಹುದು. ಹಿಂದಿನ ಆರು ತಿಂಗಳದ್ದು ಕೊಡಬೇಕು. ಅದಕ್ಕೆ 50 ರೂಪಾಯಿಗಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ.

ದರ ಏರುವ ಸುದ್ದಿ ಬಂದ ದಿನಕ್ಕೂ ಏರುವ ದಿನಕ್ಕೂ ನಡುವೆ ಸ್ವಲ್ಪ ಸಮಯ ಸಿಗಬಹುದು. 2024ರಲ್ಲಿ ಜೂನ್ 27 ಮತ್ತು 28ರಂದು ಸುದ್ದಿ ಬಂತು, ಜುಲೈ 3 ಮತ್ತು 4ಕ್ಕೆ ಹೊಸ ದರ ಬಂತು. ಆ ಐದಾರು ದಿನ ನನ್ನ ಅಂಗಡಿ ಮುಂದೆ ಜಾತ್ರೆ. ಇದ್ದ ಪ್ಯಾಕ್ ಮುಗಿಯುವ ಮೊದಲೇ ಇನ್ನೊಂದು ಹಾಕಿಸಿದರೆ ಅದು ಸರದಿಯಲ್ಲಿ ಕೂತು, ಹಳೇದು ಮುಗಿದ ಮೇಲೆ ಶುರುವಾಗುವ ವ್ಯವಸ್ಥೆ ಇರುತ್ತದೆ. ಎಲ್ಲಾ ಪ್ಯಾಕಿಗೂ ಇರುವುದಿಲ್ಲ. ಕೆಲವು ಪ್ಯಾಕ್ ಹಾಕಿದ ಕೂಡಲೇ ಶುರುವಾಗಿ ಹಳೇ ದಿನಗಳು ಹಾಳಾಗುತ್ತವೆ. ಹಾಗಾಗಿ ದುಡ್ಡು ಕೊಡುವ ಮೊದಲು "ಇದು ಈಗ್ಲೇ ಚಾಲೂ ಆಗ್ತದೋ, ಹಳೇದು ಮುಗಿದ ಮ್ಯಾಲ ಆಗ್ತದೋ" ಅಂತ ಅಂಗಡಿಯವರನ್ನು ಕೇಳಿ. ಬೇರೆ ಕಂಪನಿಗೆ ಹೋಗುವ ಯೋಚನೆ ಇದ್ದವರು ಮುಂಗಡ ಹಾಕಿಸಲೇಬೇಡಿ. ನಂಬರ್ ಪೋರ್ಟ್ ಮಾಡಿದರೆ ಸರದಿಯಲ್ಲಿದ್ದ ಪ್ಯಾಕ್, ಉಳಿದ ಬ್ಯಾಲೆನ್ಸ್ ಎರಡೂ ಹೋಗುತ್ತವೆ.

ಇನ್ನು ಫೋನ್ ಕರೆ. ದರ ಏರಿದ ಸುದ್ದಿ ಬಂದಾಗಲೆಲ್ಲ ಮೋಸದ ಕರೆ ಶುರುವಾಗುತ್ತವೆ. ಕಾಕಾ ಅವರಿಗೆ ಬಂದದ್ದೂ ಅದೇ. ಬೀಡಿ ಕಾಗದದ ಮೇಲಿದ್ದ ನಂಬರ್ ಯಾರದ್ದೋ ಖಾಸಗಿ ನಂಬರ್. ಫರಕ್ ಕೇಳಿ ಕರೆ ಬಂದರೆ ಅದು ಸುಳ್ಳು ಅಂತಲೇ ತಿಳಿಯಿರಿ. ನಿಯಮದಲ್ಲಿ ಫರಕ್ ಎಂಬ ಮಾತೇ ಇಲ್ಲ. ಓಟಿಪಿ ಹೇಳಬೇಡಿ, ಕಳಿಸಿದ ಲಿಂಕ್ ಒತ್ತಬೇಡಿ. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ದುಡ್ಡು ಹೋಗಿಲ್ಲ, ಬರೀ ಕರೆ ಬಂದಿದೆ ಅಂದರೆ ಸರ್ಕಾರದ ಸಂಚಾರ್ ಸಾಥಿ ಆ್ಯಪ್‌ನ ಚಕ್ಷು ವಿಭಾಗದಲ್ಲಿ ತಿಳಿಸಬಹುದು. ನಾನು ಕಾಕಾ ಪರವಾಗಿ ಅವತ್ತೇ ಹಾಕಿದೆ.

ಹಾಗೆಯೇ, ಬ್ಯಾಲೆನ್ಸ್‌ನಲ್ಲಿ ದುಡ್ಡು ಕಡಿಮೆಯಾಗಿದೆ ಅಂದ ಕೂಡಲೇ ದರ ಏರಿದೆ ಅನ್ನಬೇಡಿ. ಎಷ್ಟೋ ಸಲ ಅದು ಕಾಲರ್ ಟ್ಯೂನ್, ಗೇಮ್, ಜ್ಯೋತಿಷ್ಯದಂಥ ಸೇವೆ. ಮಗು ಫೋನ್ ಹಿಡಿದು ಆಡುವಾಗ ಒತ್ತಿರುತ್ತದೆ. ಇಂಥ ಸೇವೆ ಶುರು ಮಾಡಲು ಎರಡು ಸಲ ನಿಮ್ಮ ಒಪ್ಪಿಗೆ ಕೇಳಬೇಕು ಅಂತ ಟ್ರಾಯ್ 2013ರಲ್ಲೇ ಹೇಳಿದೆ. ಬೇಡದಿದ್ದರೆ 155223ಕ್ಕೆ ಫೋನ್ ಮಾಡಿ ನಿಲ್ಲಿಸಬಹುದು. ಅದು ಉಚಿತ.

ಪೋಸ್ಟ್‌ಪೇಯ್ಡ್ ವಿಷಯಕ್ಕೆ ಬರೋಣ. ಇದು ನನ್ನ ಸ್ವಂತ ಅನುಭವ, ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಶರಣಬಸವೇಶ್ವರ ಜಾತ್ರೆಯ ಸಮಯ. ಮಾರ್ಚ್ 18ಕ್ಕೆ ನಾನು ಅಂಗಡಿಯ ನಂಬರಿಗೆ ಹೊಸ ಪೋಸ್ಟ್‌ಪೇಯ್ಡ್ ಪ್ಲಾನ್ ತೆಗೆದುಕೊಂಡೆ. ಜುಲೈ ಬಿಲ್ ಬಂತು. ಒಟ್ಟು ಮೊತ್ತ ಮಾತ್ರ ನೋಡಿದ್ದರೆ ನನಗೂ ಗೊತ್ತಾಗುತ್ತಿರಲಿಲ್ಲ. ಎರಡು ಬಿಲ್ ಪಕ್ಕಪಕ್ಕ ಇಟ್ಟು ಒಂದೊಂದು ಸಾಲಿನ ಮೇಲೆ ಸ್ಕೇಲ್ ಇಟ್ಟು ನೋಡಿದೆ. ಕರೆ ಅಷ್ಟೇ, ಡೇಟಾ ಅಷ್ಟೇ. ತಿಂಗಳ ಬಾಡಿಗೆ ಎಂಬ ಸಾಲಿನಲ್ಲಿ 45 ರೂಪಾಯಿ ಜಾಸ್ತಿ. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಒಟ್ಟು 53 ರೂಪಾಯಿ 10 ಪೈಸೆ.

ಮಾರ್ಚ್ 18ರಿಂದ ಆರು ತಿಂಗಳು ಅಂದರೆ ಸೆಪ್ಟೆಂಬರ್ 17. ಬಿಲ್ ಬಂದದ್ದು ಜುಲೈ. ಲೆಕ್ಕ ಸ್ಪಷ್ಟ ಇತ್ತು.

198ಕ್ಕೆ ಫೋನ್ ಮಾಡಿದೆ. ದೂರಿಗೆ 198, ಅದು ಉಚಿತ. ಮಾಹಿತಿಗೆ 121. ಯಾವ ನಂಬರಿನ ದೂರೋ ಅದೇ ನಂಬರಿನಿಂದ ಮಾಡಬೇಕು, ಇಲ್ಲದಿದ್ದರೆ ಕರೆ ಬೇರೆ ಕಂಪನಿಗೆ ಹೋಗುತ್ತದೆ. ಕನ್ನಡ ಆರಿಸಿಕೊಳ್ಳುವ ಆಯ್ಕೆ ಇದೆ. ಫೋನ್ ಎತ್ತಿದ ಹುಡುಗಿ ಮರ್ಯಾದೆಯಿಂದಲೇ ಮಾತಾಡಿದಳು. "ಎಲ್ಲರಿಗೂ ಏರಿದೆ ಮೇಡಂ, ಇದು ಕಂಪನಿ ನಿರ್ಧಾರ" ಅಂದಳು. ನಾನು ಅಂದೆ, "ಎಲ್ಲರಿಗೂ ಏರಿರಬಹುದಮ್ಮ. ನಾನು ಸೇರಿ ಇನ್ನೂ ಆರು ತಿಂಗಳಾಗಿಲ್ಲ. ದೂರು ಬರ್ಕೊಳ್ರಿ, ಡಾಕೆಟ್ ನಂಬರ್ ಕೊಡ್ರಿ."

ಡಾಕೆಟ್ ನಂಬರ್ ಅಂದರೆ ನಿಮ್ಮ ದೂರು ದಾಖಲಾದ ಸಂಖ್ಯೆ. ಅದಿಲ್ಲದೆ ಫೋನ್ ಇಡಬೇಡಿ. ನೀವು ಅರ್ಧ ಗಂಟೆ ಮಾತಾಡಿದ್ದರೂ ನಂಬರ್ ಇಲ್ಲದಿದ್ದರೆ ದೂರು ಕೊಟ್ಟಂತೆ ಆಗುವುದಿಲ್ಲ. ಎಸ್‌ಎಂಎಸ್‌ನಲ್ಲಿ ಅದು ಬರಬೇಕು. ಬರುವವರೆಗೆ ಲೈನ್‌ನಲ್ಲಿ ಇರಿ. ನಾನು ಆ ನಂಬರ್, ತಾರೀಖು, ಸಮಯ ಮೂರನ್ನೂ ಬಿಲ್ಲಿನ ಹಿಂದೆ ಬರೆದೆ.

ಮೂರನೇ ದಿನಕ್ಕೆ "ನಿಮ್ಮ ದೂರು ಬಗೆಹರಿದಿದೆ" ಅಂತ ಮೆಸೇಜ್ ಬಂತು. ಏನೂ ಬಗೆಹರಿದಿರಲಿಲ್ಲ. ಬಹಳ ಜನ ಇಲ್ಲಿಗೇ ಕೈ ಬಿಡುತ್ತಾರೆ. ನನಗೂ ಆ ಮೆಸೇಜ್ ನೋಡಿ ಕಣ್ಣಲ್ಲಿ ನೀರು ಬಂದಷ್ಟು ಸಿಟ್ಟು ಬಂದಿತ್ತು. ಆದರೆ ಇದರ ಮೇಲೆ ಇನ್ನೊಂದು ಮೆಟ್ಟಿಲು ಇದೆ. ಪ್ರತಿ ಕಂಪನಿಯಲ್ಲೂ ಅಪೀಲು ಪ್ರಾಧಿಕಾರ ಇರಲೇಬೇಕು, 2012ರ ನಿಯಮ ಅದು. 30 ದಿನದ ಒಳಗೆ ಅಪೀಲು ಹಾಕಬೇಕು. ಶುಲ್ಕ ಇಲ್ಲ. ಅವರು 39 ದಿನದ ಒಳಗೆ ತೀರ್ಮಾನ ಕೊಡಬೇಕು. ವಿಳಾಸ, ಇಮೇಲ್ ಕಂಪನಿಯ ವೆಬ್‌ಸೈಟಿನಲ್ಲೂ ಟ್ರಾಯ್ ವೆಬ್‌ಸೈಟಿನಲ್ಲೂ ಸಿಗುತ್ತದೆ.

ನಾನು ಕಳಿಸಿದ್ದು ಹೀಗಿತ್ತು. ನಿಮ್ಮ ತಾರೀಖು, ಮೊತ್ತ ಹಾಕಿಕೊಂಡು ಬಳಸಿ:

"ಮಾನ್ಯರೇ, ನನ್ನ ಪೋಸ್ಟ್‌ಪೇಯ್ಡ್ ನಂಬರಿನ ಬಗ್ಗೆ ಅಪೀಲು. ನಾನು ಈ ಪ್ಲಾನ್‌ಗೆ ಸೇರಿದ್ದು ಮಾರ್ಚ್ 18ರಂದು. ಆ ದಿನ ನೀವು ಕಳಿಸಿದ ಎಸ್‌ಎಂಎಸ್ ಲಗತ್ತಿಸಿದ್ದೇನೆ. ಜುಲೈ ಬಿಲ್ಲಿನಲ್ಲಿ ತಿಂಗಳ ಬಾಡಿಗೆ 45 ರೂಪಾಯಿ ಏರಿದೆ, ತೆರಿಗೆ ಸೇರಿ 53.10 ರೂಪಾಯಿ. ಟ್ರಾಯ್ ಟ್ಯಾರಿಫ್ ಆದೇಶದಂತೆ ಪ್ಲಾನ್ ಸೇರಿದ ದಿನದಿಂದ ಆರು ತಿಂಗಳ ಒಳಗೆ ದರ ಏರಿಸುವಂತಿಲ್ಲ. ನನ್ನ ಆರು ತಿಂಗಳು ಸೆಪ್ಟೆಂಬರ್ 17ಕ್ಕೆ ಮುಗಿಯುತ್ತದೆ. 198ಕ್ಕೆ ದೂರು ಕೊಟ್ಟಿದ್ದೆ, ಡಾಕೆಟ್ ನಂಬರ್ ಇದು. ಹಣ ಮರಳಿಸದೆ ದೂರು ಮುಚ್ಚಿದ್ದಾರೆ. ಜಾಸ್ತಿ ತೆಗೆದುಕೊಂಡ ಹಣವನ್ನು ಬಿಲ್ಲಿಗೆ ಜಮಾ ಮಾಡಿ, ಸೆಪ್ಟೆಂಬರ್ 17ರವರೆಗೆ ಹಳೇ ದರವನ್ನೇ ಹಾಕಬೇಕೆಂದು ಕೇಳುತ್ತೇನೆ."

ಎರಡು ಬಿಲ್, ಒಂದು ಎಸ್‌ಎಂಎಸ್‌ನ ಸ್ಕ್ರೀನ್‌ಶಾಟ್ ಜೊತೆಗಿಟ್ಟೆ. ಬೈಗುಳ ಇಲ್ಲ, ಕಥೆ ಇಲ್ಲ. ತಾರೀಖು, ಮೊತ್ತ, ನಿಯಮ, ಏನು ಬೇಕು, ನಾಲ್ಕೇ ಮಾತು. ಇದನ್ನು ನಾನು ಅಂಗಡಿಗೆ ಬರುವ ಎಲ್ಲರಿಗೂ ಹೇಳುತ್ತೇನೆ. ಸಿಟ್ಟು ಎಷ್ಟೇ ಇರಲಿ, ಕಾಗದದ ಮೇಲೆ ಬರಬೇಕಾದ್ದು ತಾರೀಖು.

ಅಷ್ಟರಲ್ಲಿ ಆಗಸ್ಟ್ ಬಿಲ್ಲೂ ಏರಿದ ದರದಲ್ಲೇ ಬಂತು. ಎರಡೂ ಬಿಲ್ ನಾನು ಪೂರ್ತಿ ತುಂಬಿದೆ. ಕೆಲವರು ಇದನ್ನು ಒಪ್ಪುವುದಿಲ್ಲ, ತುಂಬಬಾರದಿತ್ತು ಅನ್ನುತ್ತಾರೆ. ನನ್ನ ಲೆಕ್ಕ ಬೇರೆ. ಬಾಕಿ ಉಳಿದರೆ ಲೈನ್ ಕಟ್ ಆಗುತ್ತದೆ, ಬಾಕಿ ಇದ್ದವರ ನಂಬರ್ ಪೋರ್ಟ್ ಕೂಡ ಆಗುವುದಿಲ್ಲ. ತುಂಬಿ ಕೇಳುವುದು ಸುರಕ್ಷಿತ. ಆಗಸ್ಟ್ ಕೊನೆಗೆ ಉತ್ತರ ಬಂತು. ಎರಡು ತಿಂಗಳ 106 ರೂಪಾಯಿ 20 ಪೈಸೆ ಮುಂದಿನ ಬಿಲ್ಲಿಗೆ ಜಮಾ ಆಯಿತು. ಆ ಸಾಲಿನ ಕೆಳಗೆ ಪೆನ್ನಿನಿಂದ ಗೆರೆ ಎಳೆದು ಬಿಲ್ ಇಟ್ಟುಕೊಂಡಿದ್ದೇನೆ. ಯಾರಾದರೂ "ಇದೆಲ್ಲ ಆಗಲ್ಲ ಬಿಡ್ರಿ ಅಕ್ಕಾ" ಅಂದರೆ ಅದನ್ನು ತೋರಿಸುತ್ತೇನೆ.

ಅಪೀಲಿನಲ್ಲೂ ಆಗದಿದ್ದರೆ? ಮೊದಲು 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲಿ ಮಾತಾಡಬಹುದು. ಅವರು ಕಂಪನಿಗೆ ದೂರು ಮುಟ್ಟಿಸುತ್ತಾರೆ. ಟ್ರಾಯ್‌ಗೆ ನೇರ ದೂರು ಬರೆದು ಕಾಯುತ್ತಾ ಕೂರಬೇಡಿ. ಒಬ್ಬೊಬ್ಬರ ದೂರು ಬಗೆಹರಿಸುವುದು ಟ್ರಾಯ್ ಕೆಲಸ ಅಲ್ಲ, ಅವರು ಕಂಪನಿಗೇ ಕಳಿಸುತ್ತಾರೆ.

ಅದಾದ ಮೇಲೆ ಜಿಲ್ಲಾ ಗ್ರಾಹಕರ ಆಯೋಗ. ನಮ್ಮ ಕಲಬುರಗಿಯಲ್ಲೇ ಇದೆ. ಕಂಪನಿಯ ಆಫೀಸ್ ಮುಂಬೈಯಲ್ಲಿರಲಿ ದಿಲ್ಲಿಯಲ್ಲಿರಲಿ, ನೀವು ಇರುವ ಊರಿನಲ್ಲೇ ದೂರು ಕೊಡಬಹುದು ಅಂತ 2019ರ ಗ್ರಾಹಕ ರಕ್ಷಣಾ ಕಾಯ್ದೆ ಹೇಳುತ್ತದೆ. ಹಿಂದೆ "ಟೆಲಿಫೋನ್ ದೂರು ಗ್ರಾಹಕ ಕೋರ್ಟಿಗೆ ಬರುವುದಿಲ್ಲ" ಅಂತ ಕಂಪನಿಗಳು ವಾದ ಮಾಡುತ್ತಿದ್ದವು. 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಆ ವಾದ ಒಪ್ಪಲಿಲ್ಲ, ಮೊಬೈಲ್ ಗ್ರಾಹಕರೂ ಆಯೋಗಕ್ಕೆ ಹೋಗಬಹುದು ಅಂತ ಹೇಳಿತು. ಸೇವೆಗೆ ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ. ವಕೀಲರು ಬೇಕೇ ಬೇಕು ಅಂತಿಲ್ಲ. ತೊಂದರೆ ಆದ ದಿನದಿಂದ ಎರಡು ವರ್ಷದ ಒಳಗೆ ಹಾಕಬೇಕು. ಆನ್‌ಲೈನ್‌ನಲ್ಲಿ ಇ-ಜಾಗೃತಿ ಪೋರ್ಟಲ್ ಮೂಲಕವೂ ಆಗುತ್ತದೆ. ಐವತ್ತು ರೂಪಾಯಿಗೆ ಅಲ್ಲಿವರೆಗೆ ಹೋಗಬೇಕಾ ಅಂತ ಕೇಳಿದರೆ, ಅದು ನಿಮ್ಮ ಮನಸ್ಸು. ಒಂದು ವರ್ಷದ ಪ್ಯಾಕ್ ನಡುವೆ ನಿಲ್ಲಿಸಿದ್ದರೆ, ಕೇಳದೇ ಸಾವಿರಗಟ್ಟಲೆ ಬಿಲ್ ಹಾಕಿದ್ದರೆ ಖಂಡಿತ ಹೋಗಿ ಅಂತ ನಾನು ಹೇಳುತ್ತೇನೆ.

ಆಟೋಪೇ ಇಟ್ಟವರಿಗೆ ಒಂದು ಮಾತು. ಯುಪಿಐ ಆಟೋಪೇ ಇದ್ದರೆ ಹೊಸ ದರ ತಾನಾಗಿಯೇ ಕಟ್ ಆಗಬಹುದು. ಕಟ್ ಆಗುವ ಕನಿಷ್ಠ 24 ಗಂಟೆ ಮೊದಲು ನಿಮಗೆ ಮೆಸೇಜ್ ಬರಬೇಕು. ಅದನ್ನು ಓದಿ, ಮೊತ್ತ ನೋಡಿ. ಜೊತೆಗೆ ಆಟೋಪೇ ಮಿತಿ ಎಷ್ಟಿದೆ ನೋಡಿ. ಗಂಜಿನ ಒಬ್ಬ ಗುಮಾಸ್ತನ ಫೋನಿನಲ್ಲಿ 300 ರೂಪಾಯಿ ಪ್ಯಾಕಿಗೆ 5000 ರೂಪಾಯಿ ಮಿತಿ ಇತ್ತು. ಅವನಿಗೆ ಗೊತ್ತೇ ಇರಲಿಲ್ಲ. ಅದನ್ನು ರದ್ದು ಮಾಡಿ, ಬೇಕಿದ್ದರೆ ಕಡಿಮೆ ಮಿತಿಯಲ್ಲಿ ಹೊಸದಾಗಿ ಇಡಬಹುದು.

ಬಿಟ್ಟು ಹೋಗುವುದು ಹೇಗೆ ಅಂತ ಹೇಳುತ್ತೇನೆ ಅಂದಿದ್ದೆ ಅಲ್ವಾ. ಇಂಗ್ಲಿಷ್‌ನಲ್ಲಿ ಪೋರ್ಟ್ ಅಂತ ಟೈಪ್ ಮಾಡಿ, ಜಾಗ ಬಿಟ್ಟು ನಿಮ್ಮ ಹತ್ತು ಅಂಕಿಯ ನಂಬರ್ ಹಾಕಿ 1900ಕ್ಕೆ ಎಸ್‌ಎಂಎಸ್ ಕಳಿಸಿ. ಎಂಟು ಅಕ್ಷರದ ಯುಪಿಸಿ ಕೋಡ್ ಬರುತ್ತದೆ. ನಾಲ್ಕು ದಿನ ಮಾತ್ರ ಅದು ನಡೆಯುತ್ತದೆ. ಅಷ್ಟರೊಳಗೆ ಹೊಸ ಕಂಪನಿಯ ಅಂಗಡಿಗೆ ಹೋಗಿ ಆಧಾರ್ ಕೊಟ್ಟು ಸಿಮ್ ತಗೊಳ್ಳಿ. ನಮ್ಮ ಸರ್ಕಲ್, ಅಂದರೆ ಕರ್ನಾಟಕದ ಒಳಗೆ, ಮೂರು ಕೆಲಸದ ದಿನ ಹಿಡಿಯುತ್ತದೆ. ಪುಣೆ, ಸೊಲ್ಲಾಪುರದಲ್ಲಿ ದುಡಿದು ಬಂದವರ ಹತ್ತಿರ ಮಹಾರಾಷ್ಟ್ರದ ಸಿಮ್ ಇರುತ್ತದೆ, ಅದನ್ನು ಇಲ್ಲಿಗೆ ತರಲು ಐದು ಕೆಲಸದ ದಿನ. ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು. ಸಿಮ್ ಕಳೆದು ಹೊಸದು ತಗೊಂಡಿದ್ದರೆ ಏಳು ದಿನ ಕಾಯಬೇಕು, 2024ರ ಜುಲೈ 1ರಿಂದ ಈ ನಿಯಮ ಬಂದಿದೆ.

2024ರಲ್ಲಿ ಮೂವರು ಏರಿಸಿದಾಗ ಬಿಎಸ್‌ಎನ್‌ಎಲ್ ಏರಿಸಲಿಲ್ಲ. ನನ್ನ ಅಂಗಡಿಗೂ ದಿನಾ ಜನ ಬಂದು ಅದಕ್ಕೆ ಹೋಗೋಣ ಅಂದರು. ನಾನು ಒಂದೇ ಮಾತು ಕೇಳುತ್ತಿದ್ದೆ: ನಿಮ್ಮ ಹೊಲದಲ್ಲಿ ಸಿಗ್ನಲ್ ಬರುತ್ತದಾ? ಗಂಜಿನಲ್ಲಿ ನಿಂತು ನೋಡಿದರೆ ಎಲ್ಲಾ ಕಂಪನಿಯೂ ಚೆನ್ನಾಗೇ ಕಾಣುತ್ತದೆ. ಊರಿಗೆ ಹೋಗಿ ಅದೇ ಕಂಪನಿಯ ಸಿಮ್ ಇರುವವರ ಫೋನ್ ಇಸ್ಕೊಂಡು ಹೊಲದ ಬದುವಿನ ಮೇಲೆ ನಿಂತು ಒಂದು ಕರೆ ಮಾಡಿ ನೋಡಿ. ಆಮೇಲೆ ಬನ್ನಿ. ಪೋರ್ಟ್ ಮಾಡಿದರೆ ಮತ್ತೆ 90 ದಿನ ಅಲ್ಲೇ ಇರಬೇಕು.

ಪ್ಯಾಕ್ ಆರಿಸುವಾಗ ರೂಪಾಯಿಯನ್ನು ದಿನದಿಂದ ಭಾಗಿಸಿ ನೋಡಿ. 28 ದಿನಕ್ಕೆ 299 ಅಂದರೆ ದಿನಕ್ಕೆ 10 ರೂಪಾಯಿ 68 ಪೈಸೆ. 28 ದಿನದ ಪ್ಯಾಕ್ ವರ್ಷಕ್ಕೆ 12 ಸಲ ಅಲ್ಲ, 13 ಸಲ ಹಾಕಬೇಕು. 30 ದಿನದ ಪ್ಯಾಕ್, ಪ್ರತಿ ತಿಂಗಳು ಅದೇ ತಾರೀಖಿಗೆ ಬರುವ ಪ್ಯಾಕ್, ಎರಡನ್ನೂ ಪ್ರತಿ ಕಂಪನಿ ಇಡಲೇಬೇಕು ಅಂತ 2022ರಲ್ಲಿ ಟ್ರಾಯ್ ಆದೇಶ ಮಾಡಿದೆ. ಅಂಗಡಿಯಲ್ಲಿ ಯಾರೂ ಅದನ್ನು ತಾವಾಗಿ ಹೇಳುವುದಿಲ್ಲ. ನೀವು ಕೇಳಬೇಕು.

ಎರಡನೇ ಸಿಮ್ ಇಟ್ಟುಕೊಂಡವರು ಬ್ಯಾಂಕಿನ ಓಟಿಪಿಗೆ ಅಂತ ಸುಮ್ನೆ ದೊಡ್ಡ ಪ್ಯಾಕ್ ಹಾಕಿಸಬೇಡಿ. ನಂಬರ್ 90 ದಿನ ಬಳಸದಿದ್ದರೂ, ಖಾತೆಯಲ್ಲಿ 20 ರೂಪಾಯಿ ಬ್ಯಾಲೆನ್ಸ್ ಇದ್ದರೆ ಅದನ್ನು ಕಡಿದುಕೊಂಡು ಇನ್ನೂ 30 ದಿನ ನಂಬರ್ ಉಳಿಸಬೇಕು ಅಂತ ನಿಯಮ ಇದೆ.

ಕಾಕಾ ಅವರ 27 ದಿನ ಮುಗಿದ ಮರುದಿನ ಬೆಳಿಗ್ಗೆ ಅವರು ಮತ್ತೆ ಬಂದರು. ಸಿಮ್ ಕೊನೆಯ ದಿನದವರೆಗೆ ನಡೆದಿತ್ತು. "ಅದೇ ಹಾಕು ತಂಗಿ" ಅಂದರು. ಆಗ ನನಗೆ ಹೊಳೆಯಿತು. ಇಷ್ಟು ದಿನ ಇವರ ಕೀಪ್ಯಾಡ್ ಫೋನಿಗೆ ದಿನಕ್ಕೆ ಒಂದೂವರೆ ಜಿಬಿ ಡೇಟಾದ ಪ್ಯಾಕ್ ಹಾಕುತ್ತಾ ಬಂದಿದ್ದೆ. ಒಂದು ದಿನವೂ ಅವರು ಅದನ್ನು ಬಳಸಿರಲಿಲ್ಲ. ಬರೀ ಕರೆ ಮತ್ತು ಎಸ್‌ಎಂಎಸ್ ಇರುವ ಪ್ಯಾಕ್ ಇಡಬೇಕು ಅಂತ 2024ರ ಡಿಸೆಂಬರ್‌ನಲ್ಲಿ ಟ್ರಾಯ್ ಹೇಳಿದ ಮೇಲೆ, 2025ರ ಜನವರಿಯಲ್ಲಿ ಅಂಥ ಪ್ಯಾಕ್ ಬಂದವು. 84 ದಿನಕ್ಕೆ ಆಗ ಜಿಯೋದಲ್ಲಿ 448, ಏರ್‌ಟೆಲ್‌ನಲ್ಲಿ 469 ಇತ್ತು. ಕಾಕಾ ಅವರಿಗೆ ಅವರ ಕಂಪನಿಯ ಅಂಥ ಪ್ಯಾಕ್ ಹಾಕಿದೆ. ಉಳಿದ ರೊಕ್ಕ ಕೈಗೆ ಕೊಟ್ಟೆ. ಅವರು ಎಣಿಸಿ, ಮಡಚಿ, ಒಳ ಜೇಬಿಗೆ ಇಟ್ಟುಕೊಂಡರು. ನಾನು ನೋಟ್‌ಬುಕ್‌ನಲ್ಲಿ ತಾರೀಖು ಬರೆದು, ಅವರ ಫೋನಿಗೆ ಬಂದ ಮೆಸೇಜನ್ನು ಅವರಿಗೆ ಎರಡು ಸಲ ಓದಿ ಹೇಳಿದೆ.